ಕಾಳಗದ ಕಿರುಗತ್ತಿಯ ವಿನ್ಯಾಸದಲ್ಲಿ ಔಚಿತ್ಯ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಸುರಗಿ, ಕಠಾರಿ, ಬಾಕು ಎಂಬ ಮಾತುಗಳು ಬಂದೆಡೆಯಲ್ಲಿ ‘ಒಂದು ಬಗೆಯ ಆಯುಧ’ವೆಂದು ಅರ್ಥ ಹೇಳಿ ಮುಂದುವರಿಯುವುದು ಪಾಠಶಾಲೆಯ ವಾಡಿಕೆ. ಅದು ಯಾವ ಬಗೆಯದು, ಅದರ ರೂಪ ಹಾಗೆಯೇ ಏಕಿರಬೇಕು ಎಂಬ ಪ್ರಶ್ನೆಗಳು ಶಬ್ದಾರ್ಥದ ಆಚೆಗೇ ಉಳಿದುಬಿಡುತ್ತವೆ. ಆಯುಧವನ್ನೂ ಒಂದು ಕೃತಿಯೆಂದು ಭಾವಿಸಿ, ಸಾಹಿತ್ಯವಿಮರ್ಶೆಗೆ ಪರಿಚಿತವಾದ ಮಾನದಿಂದಲೇ ಅದನ್ನು ಅಳೆಯಲು ಸಾಧ್ಯವೇ ಎಂಬುದನ್ನು ನಾವು ಈ ಲೇಖನದಲ್ಲಿ ವಿವೇಚಿಸಹೊರಟಿದ್ದೇವೆ.

ಇದಕ್ಕಾಗಿ ಆರಿಸಿಕೊಂಡಿರುವುದು ಪ್ರಾಚೀನ ವಸ್ತುವನ್ನಲ್ಲ; 1940–41ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಫೇರ್‌ಬೈರ್ನ್–ಸೈಕ್ಸ್ ಕಿರುಗತ್ತಿಯನ್ನು. ಇದರ ಕರ್ತೃಗಳಲ್ಲೊಬ್ಬನು ಅದರ ಪ್ರಯೋಗವನ್ನು ಕುರಿತು ಬರೆದಿದ್ದಾನೆ. ಅವನ ಶಿಷ್ಯನೇ ಅದರ ದೋಷಗಳನ್ನು ಎತ್ತಿ ಆಡಿದ್ದಾನೆ. ಅಲ್ಲಿಂದೀಚೆಗೆ ಕಾಳಗಕ್ಕೆಂದೂ ಆತ್ಮರಕ್ಷಣೆಗೆಂದೂ ಕಿರುಗತ್ತಿಗಳನ್ನು ಹೇಳಿಮಾಡಿಸುವವರು ಇದನ್ನು ಅನುಕರಿಸಿಯೋ ತಿದ್ದಿಯೋ ತಮ್ಮ ದಾರಿಯನ್ನು ಕಂಡುಕೊಂಡಿದ್ದಾರೆ. ಮೂಲ, ಖಂಡನೆ, ಅನುಕರಣ ಮೂರೂ ಹೀಗೆ ಒಟ್ಟಿಗೆ ದೊರೆಯುವ ಆಯುಧಗಳು ಹೆಚ್ಚಿಲ್ಲ.

ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥವನ್ನು ರಚಿಸಿ, ಪದ, ವಾಕ್ಯ, ಅಲಂಕಾರ, ರಸ ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದಾಗ ಮಾತ್ರ ಶೋಭಿಸುತ್ತವೆಂಬುದನ್ನು ಪ್ರತಿಪಾದಿಸಿದನು. ಆ ಮಾನದಿಂದ ನೋಡಿದರೆ ಈ ಕತ್ತಿಯು ತಾನು ಹುಟ್ಟಿದ ಸನ್ನಿವೇಶದಲ್ಲಿ ಬಹುಮಟ್ಟಿಗೆ ಉಚಿತವಾದ ರಚನೆ; ಆತ್ಮರಕ್ಷಣೆಯ ಕತ್ತಿಗೆ ಅದನ್ನೇ ಮಾದರಿಯಾಗಿಟ್ಟುಕೊಂಡದ್ದು ಮಾತ್ರ ಅನುಚಿತ. ಇದು ನಮ್ಮ ಪಕ್ಷ. ಇದನ್ನು ಕತ್ತಿಯ ಅಂಗಾಂಗಗಳಿಂದಲೇ ತೋರಿಸಬೇಕಾಗಿದೆ.

ಕರ್ತೃಗಳ ವಿಚಾರವಾಗಿ ಎರಡು ಮಾತು ಸಾಕು. ವಿಲಿಯಂ ಫೇರ್‌ಬೈರ್ನ್ (1885–1960) ಎಂಬಾತನು 1907ರಲ್ಲಿ ಶಾಂಘೈ ನಗರಸಭೆಯ ಪೊಲೀಸ್ ದಳವನ್ನು ಸೇರಿ ಅಲ್ಲಿಯೇ ಮೂರು ದಶಕಗಳಿಗೂ ಮೀರಿ ಕಳೆದನು. ಜೂಡೋ ವಿದ್ಯೆಯನ್ನು ಅಭ್ಯಾಸಮಾಡಿ, ಅದಕ್ಕೆ ಬೀದಿಯ ಹೊಡೆದಾಟಗಳಿಂದ ಕಲಿತದ್ದನ್ನು ಬೆರೆಸಿ, ‘ಡಿಫೆಂಡು’ ಎಂಬ ಹೆಸರಿನ ಪದ್ಧತಿಯೊಂದನ್ನು ಕಟ್ಟಿ 1926ರಲ್ಲಿ ಗ್ರಂಥರೂಪಕ್ಕೆ ತಂದನು. ಎರಿಕ್ ಸೈಕ್ಸ್ ಅದೇ ನಗರದಲ್ಲಿ ಬಂದೂಕು ಕಂಪನಿಗಳ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದವನು, ನುರಿತ ಗುರಿಕಾರ. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಬ್ಬರೂ ಸ್ಕಾಟ್ಲೆಂಡಿನ ಲೊಖೈಲಾರ್ಟ್ ತರಬೇತಿ ಕೇಂದ್ರದಲ್ಲಿ ಶಿಕ್ಷಕರಾಗಿದ್ದರು. 1940ರ ನವೆಂಬರಿನಲ್ಲಿ ಅವರು ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಗೆ ಹೋಗಿ ತಮ್ಮ ಕಲ್ಪನೆಯನ್ನು ವಿವರಿಸಿದರು. 1941ರ ಜನವರಿಯಲ್ಲಿ ಮೊದಲ 50 ಕತ್ತಿಗಳು ಸಿದ್ಧವಾದವು. ಕಲ್ಪನೆಗೂ ಕೃತಿಗೂ ನಡುವೆ ಇಷ್ಟೇ ಅಂತರ. ಆದರೆ ಆ ಕಲ್ಪನೆಯ ಹಿಂದೆ ಶಾಂಘೈಯ ಮೂವತ್ತು ವರ್ಷಗಳಿದ್ದುವೆಂಬುದನ್ನು ಮರೆಯಲಾಗದು.

ಇನ್ನು ರೂಪದ ವಿಚಾರ. ಅಲಗು ಸುಮಾರು 7 ಅಂಗುಲ. ಹಿಡಿಯೂ ಸೇರಿ ಒಟ್ಟು ಉದ್ದ ಸುಮಾರು ಹನ್ನೊಂದೂವರೆ ಅಂಗುಲ. ಅಲಗಿಗೆ ಎರಡೂ ಕಡೆ ಧಾರೆ, ನಡುವೆ ಏಣು, ಬುಡದಿಂದ ಮೊನೆಯವರೆಗೆ ಒಂದೇ ಸಮನೆ ಕಿರಿದಾಗುತ್ತ ಬಂದು ಸೂಜಿಯಂತೆ ಮುಗಿಯುತ್ತದೆ. ಇಂಥ ಅಲಗು ಕೊಯ್ಯುವುದಕ್ಕಾಗಿ ಹುಟ್ಟಿದುದಲ್ಲ. ಕೊಯ್ಯಬೇಕಾದರೆ ಅಲಗಿಗೆ ಅಗಲ ಬೇಕು, ಧಾರೆಗೆ ಬಾಗು ಬೇಕು, ಎರಡೂ ಇಲ್ಲಿಲ್ಲ. ಚಳಿಗಾಲದ ದಪ್ಪ ಉಡುಪನ್ನು ಭೇದಿಸಿ ಒಳಹೊಗಬೇಕೆಂಬ ಒಂದೇ ಸಂಕಲ್ಪ ಇದರ ಗೆರೆಗೆರೆಯಲ್ಲಿಯೂ ಕಾಣುತ್ತದೆ. ಹಿಡಿಯು ದುಂಡಗೆ, ನಡುವೆ ಕೊಂಚ ಉಬ್ಬಿ, ಖಡ್ಗಕ್ರೀಡೆಯ ‘ಫಾಯಿಲ್’ ಕತ್ತಿಯ ಹಿಡಿಯನ್ನು ನೆನಪಿಗೆ ತರುತ್ತದೆ. ಮುಷ್ಟಿಯಲ್ಲಿ ಬಿಗಿಹಿಡಿಯುವುದಕ್ಕಿಂತ ಹೆಬ್ಬೆರಳು ತೋರುಬೆರಳುಗಳಿಂದ ನಡೆಯಿಸುವುದಕ್ಕೆ ಅದು ಹೇಳಿಮಾಡಿಸಿದಂತಿದೆ. ಭಾರವು ಹಿಡಿಯ ಕಡೆಗೇ ನಿಲ್ಲುವುದರಿಂದ ಮೊನೆಯು ಕೈಯ ಇಂಗಿತವನ್ನು ಕೂಡಲೇ ಅನುಸರಿಸುತ್ತದೆ.

ಒರೆಯನ್ನೂ ಇಲ್ಲಿಯೇ ಹೇಳಬೇಕು. ವಿನ್ಯಾಸವೆಂದರೆ ಅಲಗೊಂದೇ ಎಂದು ತಿಳಿಯುವುದು ನಮ್ಮ ಕಾಲದ ಒಂದು ದೃಷ್ಟಿದೋಷ. ಈ ಕತ್ತಿಯ ಚರ್ಮದ ಒರೆಗೆ ಎರಡೂ ಬದಿಗಳಲ್ಲಿ ಕಿರುಪಟ್ಟಿಗಳನ್ನು ಬಿಟ್ಟಿದ್ದರು. ಯೋಧನು ತನಗೆ ಬೇಕಾದೆಡೆ, ಷರಾಯಿಗೋ ಅಂಗಿಗೋ, ಅದನ್ನು ಹೊಲಿದುಕೊಳ್ಳಬಹುದಾಗಿತ್ತು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ವಸ್ತುವು ಒಬ್ಬೊಬ್ಬನ ಮೈಗೆ ಒಗ್ಗುವಂತಾದದ್ದು ಈ ಪಟ್ಟಿಗಳಿಂದ. ನಮ್ಮ ದೃಷ್ಟಿಯಲ್ಲಿ ಇಡೀ ರಚನೆಯ ಅತ್ಯಂತ ವಿವೇಕಯುತವಾದ ಅಂಗ ಇದು.

ಕೊಡಗಿನವರಿಗೆ ಈ ಮಾತು ಹೊಸದಾಗಿ ತೋರದು. ಅಲ್ಲಿನ ಪೀಚೆಕತ್ತಿಯು ಕುಪ್ಪಸದ ಮೇಲೆ ಸುತ್ತಿದ ಚೇಲೆಯಲ್ಲಿ ಮುಂಗಡೆ ನಿಲ್ಲುತ್ತದೆ. ಅಗಲವಾದ ಬಾಗಿದ ಒಡಿಕತ್ತಿಯು ಬೆನ್ನಿನ ಹಿಂದೆ ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ನಿಲ್ಲುತ್ತದೆ. ಉಡುಪನ್ನು ಬಿಟ್ಟು ಆ ಕತ್ತಿಗಳನ್ನು ಅರ್ಥಮಾಡಿಕೊಳ್ಳುವುದು ಅಸಾಧ್ಯ. ಮದುವೆಯಲ್ಲಿ ಬಾಳೆಯ ಕಂಬವನ್ನು ಕಡಿಯುವ ಆಚಾರದಲ್ಲಿ ಒಡಿಕತ್ತಿಗೆ ಇಂದಿಗೂ ಒಂದು ಸ್ಥಾನವುಂಟು. ಕಡಿಯುವುದಕ್ಕೆಂದು ಹುಟ್ಟಿದ ಅಲಗು ಕಡಿಯುವ ಕೆಲಸದಲ್ಲಿಯೇ ಉಳಿದುಕೊಂಡಿದೆ.

ಫೇರ್‌ಬೈರ್ನನ ‘ಆಲ್-ಇನ್ ಫೈಟಿಂಗ್’ ಎಂಬ ಪುಸ್ತಕ ಪ್ರಕಟವಾದದ್ದು 1942ರಲ್ಲಿ. ಅದರ ಕತ್ತಿಯ ಭಾಗದಲ್ಲಿ ಒಂದು ಪ್ರಸಿದ್ಧ ಕೋಷ್ಟಕವಿದೆ: ದೇಹದ ಯಾವ ರಕ್ತನಾಳ ಎಷ್ಟು ಆಳದಲ್ಲಿದೆ, ಅದು ತುಂಡಾದರೆ ಎಷ್ಟು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಎಷ್ಟರಲ್ಲಿ ಮರಣ ಸಂಭವಿಸುತ್ತದೆ ಎಂಬ ಲೆಕ್ಕ. ಈ ಅಂಕಿಗಳನ್ನು ಅನಂತರದ ಲೇಖಕರು ಹಲವರು ಹಾಗೆಯೇ ಎತ್ತಿಕೊಂಡಿದ್ದಾರೆ. ಆದರೆ ಅವು ಎಲ್ಲಿಂದ ಬಂದುವೆಂಬುದಕ್ಕೆ ಪುಸ್ತಕದಲ್ಲಿ ಆಧಾರವಿಲ್ಲ. ಗಾಯದ ಪರಿಣಾಮವು ವ್ಯಕ್ತಿಯಿಂದ ವ್ಯಕ್ತಿಗೆ, ಉಡುಪಿನಿಂದ ಉಡುಪಿಗೆ, ಗಾಯದ ಅಗಲ ಆಳಗಳಿಂದ ಬೇರೆಬೇರೆಯಾಗುತ್ತದೆಂಬುದೂ, ಕಠಿಣವಾಗಿ ಗಾಯಗೊಂಡವರು ಬಹಳ ಹೊತ್ತು ಹೋರಾಡಬಲ್ಲರೆಂಬುದೂ ವೈದ್ಯರಿಗೆ ಗೊತ್ತಿರುವ ಸಂಗತಿ. ಸೆಕೆಂಡುಗಳನ್ನು ಒಂದೊಂದಾಗಿ ಎಣಿಸಿಟ್ಟ ಈ ಕೋಷ್ಟಕವನ್ನು ಶಾಸ್ತ್ರವೆಂದು ಓದುವುದಕ್ಕಿಂತ ಪ್ರಶಸ್ತಿಯೆಂದು ಓದುವುದು ಲೇಸು. ಶಾಸನಗಳ ಪ್ರಶಸ್ತಿಭಾಗದಲ್ಲಿ ರಾಜನ ಪರಾಕ್ರಮವನ್ನು ಹೆಚ್ಚಿಸಿ ಹೇಳುವಂತೆ, ಇಲ್ಲಿ ಅಂಕಿಗಳು ಕತ್ತಿಯ ಪರಾಕ್ರಮವನ್ನು ಹೆಚ್ಚಿಸಿ ಹೇಳುತ್ತವೆ. ಕೆಲವೇ ದಿನಗಳ ತರಬೇತಿಯ ಅನಂತರ ಶತ್ರುತೀರಕ್ಕೆ ಹೋಗಬೇಕಾದ ತರುಣನ ಎದೆಗೆ ಧೈರ್ಯ ತುಂಬುವುದು ಅವುಗಳ ಕೆಲಸ. ಆ ಕೆಲಸವನ್ನು ಅವು ಮಾಡಿರಬಹುದು. ಆದರೆ ಅದೇ ಕೋಷ್ಟಕವನ್ನು ಮುಂದಿಟ್ಟುಕೊಂಡು ಇಷ್ಟೇ ಉದ್ದದ ಅಲಗು ಇರಬೇಕೆಂದು ವಿಧಿಸುವ ವಿನ್ಯಾಸಕಾರನು ಉತ್ಪ್ರೇಕ್ಷಾಲಂಕಾರವನ್ನು ಅಳತೆಗೋಲಾಗಿ ಹಿಡಿದವನಂತಾಗುತ್ತಾನೆ.

ಕತ್ತಿಯ ಮುಂದಿನ ಪರಿಷ್ಕರಣಗಳನ್ನು ಬೇಗ ದಾಟಬಹುದು. ಮೊದಲ ಮಾದರಿಯ ಅಡ್ಡಗಾಪು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ್ದಿತು. 1942ರ ಎರಡನೆಯ ಮಾದರಿಯಲ್ಲಿ ಅದು ನೇರವಾಯಿತು. 1943ರಲ್ಲಿ ಬಂದ ಮೂರನೆಯದರಲ್ಲಿ ಹಿಡಿಯನ್ನು ಬಳೆಬಳೆಯಾದ ಗೆರೆಗಳೊಡನೆ ಅಗ್ಗದ ಮಿಶ್ರಲೋಹದಲ್ಲಿ ಎರಕಹೊಯ್ದರು. ಇವೆಲ್ಲ ಯುದ್ಧಕಾಲದ ಮಿತವ್ಯಯದ ಫಲ. ಅಮೆರಿಕದಲ್ಲಿ ಇದರ ಪ್ರತಿಯನ್ನು ತಯಾರಿಸಿದ್ದು ಲ್ಯಾಂಡರ್ಸ್, ಫ್ರೇರಿ ಅಂಡ್ ಕ್ಲಾರ್ಕ್ ಎಂಬ ಗೃಹೋಪಕರಣಗಳ ಕಂಪನಿ. ಅದರ ಒರೆಯ ಲೋಹದ ತಗಡು ದೋಸೆ ಮಗುಚುವ ಕೈಯನ್ನು ಹೋಲುತ್ತಿದ್ದುದರಿಂದ ಸಂಗ್ರಾಹಕರಲ್ಲಿ ಅದಕ್ಕೆ ಇಂದಿಗೂ ‘ಪ್ಯಾನ್‌ಕೇಕ್ ಫ್ಲಾಪರ್’ ಎಂಬ ಹೆಸರೇ ಉಳಿದಿದೆ. ಮೂಲದ ಅತ್ಯುತ್ತಮ ಅಂಗವೇ ಪ್ರತಿಯಲ್ಲಿ ಹಾಸ್ಯಕ್ಕೆ ಗುರಿಯಾದದ್ದು ಅನುಕರಣದ ಸ್ವಭಾವವನ್ನು ಕುರಿತು ಏನನ್ನೋ ಹೇಳುತ್ತದೆ.

ಖಂಡನೆಗೆ ಬರೋಣ. ಅಮೆರಿಕದ ಗುಪ್ತಸೇವಾದಳವಾದ ಓ.ಎಸ್.ಎಸ್.ನಲ್ಲಿ ಫೇರ್‌ಬೈರ್ನನೊಡನೆ ದುಡಿದ ರೆಕ್ಸ್ ಆ್ಯಪಲ್‌ಗೇಟ್ ಎಂಬ ಅಧಿಕಾರಿಯು ಮೂಲದ ದೋಷಗಳನ್ನು ನೇರವಾಗಿ ಹೇಳಿದವನು. ಮೊನೆ ತೀರ ಸಣ್ಣದು, ಗಟ್ಟಿಯಾದುದಕ್ಕೆ ತಾಗಿದರೆ ಮುರಿಯುತ್ತದೆ. ಅಲಗು ಕಿರಿದು, ಕೊಯ್ಯುವುದಕ್ಕೆ ಬಾರದು. ಹಿಡಿ ದುಂಡಗಿರುವುದರಿಂದ ಕತ್ತಲೆಯಲ್ಲಿ ಧಾರೆ ಯಾವ ಕಡೆಗಿದೆಯೆಂದು ಕೈಗೆ ತಿಳಿಯದು. ಯುದ್ಧಕಾಲದಲ್ಲಿಯೇ ಇಬ್ಬರೂ ಸೇರಿ ಚಿಂತಿಸಿದ ಹೊಸ ರೂಪವು ‘ಆ್ಯಪಲ್‌ಗೇಟ್–ಫೇರ್‌ಬೈರ್ನ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದದ್ದು 1980ರ ದಶಕದಲ್ಲಿ: ಅಲಗು ಅಗಲವಾಯಿತು, ಮೊನೆ ಬಲವಾಯಿತು, ಹಿಡಿಯು ಚಪ್ಪಟೆಯಾಯಿತು, ಹಿಡಿಯೊಳಗೆ ಸೀಸದ ತುಂಡುಗಳನ್ನಿಟ್ಟು ಬಳಸುವವನು ತನಗೆ ಬೇಕಾದಂತೆ ತೂಕವನ್ನು ಹೊಂದಿಸಿಕೊಳ್ಳುವಂತಾಯಿತು. 1942ರಲ್ಲಿ ಅಮೆರಿಕ ಕೆನಡಾಗಳು ಕೂಡಿ ಕಟ್ಟಿದ ವಿಶೇಷದಳದ ವಿ-42 ಕತ್ತಿಯು ಹಿಡಿಯ ಸಮಸ್ಯೆಗೆ ಬೇರೊಂದು ಉತ್ತರವನ್ನು ಕೊಟ್ಟಿತ್ತು. ಅಲಗಿನ ಬುಡದಲ್ಲಿ ಹೆಬ್ಬೆರಳಿಗೆಂದೇ ಒಂದು ತಗ್ಗನ್ನು ಕೊರೆದಿದ್ದರು. ಹೆಬ್ಬೆರಳು ಅಲ್ಲಿ ಕುಳಿತರೆ ಅಲಗು ಚಪ್ಪಟೆಯಾಗಿ ನಿಲ್ಲುತ್ತದೆ, ಧಾರೆಯ ದಿಕ್ಕು ತಾನಾಗಿ ತಿಳಿಯುತ್ತದೆ. ಇದು ಜಾಣತನವೇ ಸರಿ. ಆದರೆ ಇದು ಕೈಗೆ ಒಂದೇ ಹಿಡಿತವನ್ನು ವಿಧಿಸುತ್ತದೆ. ಹೆದರಿದ ಕೈ ಆ ತಗ್ಗನ್ನು ಹುಡುಕುವಷ್ಟು ತಾಳ್ಮೆಯುಳ್ಳದ್ದಲ್ಲ.

ಆ್ಯಪಲ್‌ಗೇಟನ ಆಕ್ಷೇಪಗಳು ಮೂರೂ ಸತ್ಯ. ಆದರೂ ಅವು ಮೂಲಕೃತಿಯನ್ನು ತಾಕುತ್ತವೆಯೇ? ಕಾವಲುಗಾರನಿಗೆ ಅರಿವಾಗದಂತೆ ಹಿಂದಿನಿಂದ ಬರುವವನು ತನ್ನ ಹಿಡಿತವನ್ನು ಮೊದಲೇ ಆರಿಸಿಕೊಂಡಿರುತ್ತಾನೆ, ಗುರಿಯನ್ನು ನೋಡಿರುತ್ತಾನೆ, ಸಮಯ ಅವನ ಕೈಯಲ್ಲಿರುತ್ತದೆ. ಅಂಥವನಿಗೆ ದುಂಡನೆಯ ಹಿಡಿ ದೋಷವಲ್ಲ, ಸೂಕ್ಷ್ಮವಾದ ಮೊನೆ ಗುಣವೇ. ದೋಷವಾಗುವುದು ಕತ್ತಿ ಹಿಡಿದವನು ಆಕ್ರಮಣಕಾರನಾಗಿರದೆ ಆಕ್ರಮಣಕ್ಕೆ ಒಳಗಾದವನಾದಾಗ. ಅವನಿಗೆ ಎಚ್ಚರಿಕೆ ಬಂದಿರುವುದಿಲ್ಲ. ಕೈ ನಡುಗುತ್ತಿರುತ್ತದೆ, ಬೆವರಿರುತ್ತದೆ. ಎದುರಾಳಿ ಆಗಲೇ ಮೈಮೇಲೆ ಬಿದ್ದಿರುತ್ತಾನೆ. ಅಂಥವನಿಗೆ ಬೇಕಾದುದು ನೋಡದೆಯೇ ದಿಕ್ಕು ತಿಳಿಸುವ ಹಿಡಿ, ಜಾರಿದ ಬೆರಳು ಅಲಗಿನ ಮೇಲೆ ಹೋಗದಂತೆ ತಡೆಯುವ ಕಾಪು, ಒಂದೇ ಕೈಯಿಂದ ಬಿಚ್ಚಬಹುದಾದ ಒರೆ. ಆಗ್ನೇಯ ಏಷ್ಯದ ಕರಂಬಿತ್ ಎಂಬ ಕೊಕ್ಕಿನಂಥ ಕತ್ತಿಯ ಹಿಡಿಯಲ್ಲಿ ಬೆರಳಿಗೊಂದು ಬಳೆಯಿರುವುದನ್ನು ನೋಡಿದರೆ, ಎಳೆದಾಟದಲ್ಲಿ ಆಯುಧ ಕೈಬಿಟ್ಟುಹೋಗಬಾರದೆಂಬ ಚಿಂತೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಇವೆಲ್ಲಕ್ಕಿಂತ ಮೊದಲು ಬೇಕಾದುದು ಮೊಂಡಾದ ಜೋಡಿಕತ್ತಿ: ಅದೇ ತೂಕ, ಅದೇ ಹಿಡಿ, ಧಾರೆ ಮಾತ್ರ ಇಲ್ಲದ್ದು. ಅಭ್ಯಾಸಕ್ಕೊಂದು, ಸೊಂಟಕ್ಕೊಂದು ಎಂದು ಜೋಡಿಯಾಗಿ ತಯಾರಿಸದ ವಿನ್ಯಾಸಕಾರನು ಅರ್ಧ ಕೃತಿಯನ್ನು ಮಾತ್ರ ಕೊಟ್ಟಿದ್ದಾನೆಂದು ನಾವು ಭಾವಿಸುತ್ತೇವೆ.

ಔಚಿತ್ಯದ ಪ್ರಶ್ನೆ ಇಷ್ಟಕ್ಕೇ ನಿಲ್ಲುವುದಿಲ್ಲ. ಫೇರ್‌ಬೈರ್ನ್–ಸೈಕ್ಸ್ ಕತ್ತಿಯ ಮೊದಲ ಮಾದರಿಯಲ್ಲಿ ಅಲಗಿನ ಬುಡದ ಚೌಕದ ಮೇಲೆ ‘ಎಫ್-ಎಸ್ ಫೈಟಿಂಗ್ ನೈಫ್’ ಎಂದು ಕೊರೆದಿದ್ದರು. ಕೃತಿಯು ತನ್ನ ಶೀರ್ಷಿಕೆಯನ್ನು ಮೈಮೇಲೆಯೇ ಹೊತ್ತಿತ್ತು. ಯೋಧನಿಗೆ ಅದರಿಂದ ತೊಂದರೆಯಿಲ್ಲ. ಬೀದಿಯಲ್ಲಿ ನಡೆಯುವ ಪ್ರಜೆಗೆ ಅದು ತನ್ನ ಮೇಲೆಯೇ ಸಾಕ್ಷಿ. ಬ್ರಿಟನ್ನಿನ 1953ರ ಅಪರಾಧ ತಡೆ ಶಾಸನವು ಗಾಯಮಾಡುವುದಕ್ಕೆಂದೇ ತಯಾರಾದ ವಸ್ತುವನ್ನು ಸಾರ್ವಜನಿಕ ಸ್ಥಳದಲ್ಲಿ ತಕ್ಕ ಕಾರಣವಿಲ್ಲದೆ ಇಟ್ಟುಕೊಳ್ಳುವುದನ್ನು ಅಪರಾಧವೆನ್ನುತ್ತದೆ. ಅಡಿಗೆಯ ಚಾಕುವಾದರೆ ಇಟ್ಟುಕೊಂಡವನ ಉದ್ದೇಶವನ್ನು ವಿಚಾರಿಸಬೇಕು, ಇದರಲ್ಲಿ ರೂಪವೇ ಉದ್ದೇಶವನ್ನು ಹೇಳಿಬಿಡುತ್ತದೆ. ನಮ್ಮ ದೇಶದ ಆಯುಧ ನಿಯಮಗಳಲ್ಲಿಯೂ 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಹೇಳಿ, ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ರಚಿತವಾದುವನ್ನು ಬೇರ್ಪಡಿಸಿದೆ. ಅಳತೆಯ ಜೊತೆಗೆ ರಚನೆಯ ಆಶಯವನ್ನೂ ಕಾನೂನು ಓದುತ್ತದೆಂದಾಯಿತು. ಆತ್ಮರಕ್ಷಣೆಯ ಹಕ್ಕಿನ ವಿಚಾರವಾಗಿ, 2023ರ ಭಾರತೀಯ ನ್ಯಾಯಸಂಹಿತೆಯ 37ನೆಯ ಪ್ರಕರಣವು ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶವಿಲ್ಲವೆಂದು ಹೇಳುತ್ತದೆ. ಆಳಕ್ಕೆ ಇಳಿಯುವುದೊಂದನ್ನೇ ಬಲ್ಲ ಕತ್ತಿಯು ಈ ಮಿತಿಯನ್ನು ಪಾಲಿಸುವ ಬಗೆ ಹೇಗೆ? ಕೊಯ್ಯುವ ಅಲಗಿನಿಂದ ಎದುರಾಳಿಯ ಕೈಯನ್ನು ಹಿಮ್ಮೆಟ್ಟಿಸಬಹುದು; ಕೇವಲ ಚುಚ್ಚುವ ಅಲಗಿಗೆ ಅಂಥ ನಡುವಣ ಮಾತು ಬಾರದು.

ಇಷ್ಟನ್ನೂ ಫೇರ್‌ಬೈರ್ನನು ಅರಿಯದವನಾಗಿರಲಿಲ್ಲ. ಯೋಧರಿಗೆ ಕತ್ತಿಯನ್ನು ಕಲಿಸಿದ ಅದೇ 1942ರಲ್ಲಿ ಅವನು ಮಹಿಳೆಯರ ಆತ್ಮರಕ್ಷಣೆಗಾಗಿ ‘ಹ್ಯಾಂಡ್ಸ್ ಆಫ್’ ಎಂಬ ಪುಸ್ತಕವೊಂದನ್ನು ಪ್ರಕಟಿಸಿದನು. ಮಣಿಕಟ್ಟನ್ನು ಹಿಡಿದವನಿಂದ ಬಿಡಿಸಿಕೊಳ್ಳುವ ಬಗೆ, ಚಿತ್ರಮಂದಿರದಲ್ಲಿ ಪಕ್ಕದ ಆಸನದವನ ಕಾಟ, ಕಾರಿನಲ್ಲಿ ಬಂದೊದಗುವ ಅಪಾಯ, ಹೀಗೆ ಊರಿನ ನಿತ್ಯದ ಬಾಳಿನಿಂದಲೇ ಅದರ ಸನ್ನಿವೇಶಗಳನ್ನು ಆರಿಸಿಕೊಂಡಿದ್ದಾನೆ. ತನ್ನ ಹೆಸರನ್ನು ಹೊತ್ತ ಕತ್ತಿಯನ್ನು ಅಲ್ಲಿನ ಓದುಗಳ ಕೈಗೆ ಅವನು ಕೊಡಲಿಲ್ಲ. ಅವನು ಕೊಟ್ಟದ್ದು ಒಂದು ಛತ್ರಿಯನ್ನು, ಒಂದು ಬೆಂಕಿಪೆಟ್ಟಿಗೆಯನ್ನು.