ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದವರು

ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರಿಗೆ ನಮ್ಮಲ್ಲಿ ಬೇಕಾದಷ್ಟು ಕಲಿಸ್ತಾರೆ. ಮಾದರಿ ಹೇಗೆ ತೆಗೀಬೇಕು, ಹೇಗೆ ಅಳೀಬೇಕು, ಅಂಕಿಅಂಶವನ್ನ ಯಾವ ಸಾಫ್ಟ್‌ವೇರಿಗೆ ಹಾಕಬೇಕು, ಇಂಗ್ಲಿಷ್ ಜರ್ನಲ್ಲಿಗೆ ಪೇಪರ್ ಹೇಗೆ ಬರೀಬೇಕು, ವಿಮರ್ಶಕರು ತಿರಸ್ಕರಿಸಿದರೆ ಮತ್ತೆ ಹೇಗೆ ಕಳಿಸಬೇಕು ಎಲ್ಲವೂ ಇದೆ. ಆದರೆ ಯಾರ ಕೆರೆಯಿಂದ ನೀರು ತಗೊಂಡು ಹೋದರೋ ಅವರಿಗೆ ಉತ್ತರ ತಲುಪಿಸೋದು ಹೇಗೆ ಅನ್ನೋದು ಮಾತ್ರ ಪಠ್ಯದಲ್ಲಿ ಇಲ್ಲ. ಕೆಲವರು ತಾವಾಗೇ ಮಾಡ್ತಾರೆ, ಅದು ಅವರ ಒಳ್ಳೇತನ. ನನ್ನ ತಕರಾರು ಒಳ್ಳೇತನದ ಬಗ್ಗೆ ಅಲ್ಲ, ತರಬೇತಿಯ ಬಗ್ಗೆ.

ಬಿಇ ಓದಿ ಕೋಡ್ ಬರೆಯೋನಿಗೆ ಈ ಉಸಾಬರಿ ಯಾಕೆ ಅಂತ ಕೇಳಬಹುದು. ನಾನಿರೋದು ಹಲಸೂರಿನಲ್ಲಿ, ಹುಟ್ಟಿದ್ದು ಕೋಲಾರದ ಕಡೆ ಒಂದು ಹಳ್ಳಿಯಲ್ಲಿ. 2018ರಿಂದ ಈ ಎರಡು ಕಡೆಗೂ ನೀರಿನ ನಂಟು ಬೆಳೆದಿದೆ. ದಂಡು ಪ್ರದೇಶ, ಹಲಸೂರು, ಇಂದಿರಾನಗರದ ಕಡೆಯ ನೀರು ಇಳಿದು ಹೋಗೋದು ಚಲ್ಲಘಟ್ಟ ಕಣಿವೆಗೆ, ಅಲ್ಲಿಂದ ಬೆಳ್ಳಂದೂರಿಗೆ. ಕೋರಮಂಗಲ-ಚಲ್ಲಘಟ್ಟ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರೋ ಕೆಸಿ ವ್ಯಾಲಿ, ಆ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತೆ. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ. ಕೆರೆ ತುಂಬಿದರೆ ಅಂತರ್ಜಲ ಏರುತ್ತೆ, ಸತ್ತ ಬೋರ್‌ವೆಲ್ ಬದುಕುತ್ತೆ ಅನ್ನೋದು ಲೆಕ್ಕ. ಬೆಳಿಗ್ಗೆ ನಾನಿಲ್ಲಿ ಫ್ಲಶ್ ಮಾಡಿದ್ದು ಶುದ್ಧವಾಗಿ ಅಲ್ಲಿಗೇ ಬರುತ್ತೆ ಅಂತ ನಮ್ಮಪ್ಪನಿಗೆ ಹೇಳಿದೆ. 'ಆಗಲಿ ಬಿಡು, ಅದಾದ್ರೂ ಊರಿಗೆ ಬರ್ತಿದೆಯಲ್ಲ' ಅಂದರು.

ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದದ್ದು 2018ರ ಜೂನಿನಲ್ಲಿ. ಜುಲೈನಲ್ಲಿ ಅಲ್ಲೂ ನೊರೆ ಕಂಡಿತು, ಹೈಕೋರ್ಟು ತಡೆ ಕೊಟ್ಟಿತು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಹೋರಾಟಗಾರರು, ಬೇಡ ಅಂತ ಸರ್ಕಾರ. ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕಡೆಗೆ ನೀರು ಮತ್ತೆ ಹರಿಯಿತು.

ಇಂಥ ಕಡೆಗೆ ಸಂಶೋಧಕರು ಬರದೆ ಇರ್ತಾರಾ? ಬಂದರು. ಒಂದು ವಿಶ್ವವಿದ್ಯಾಲಯದಿಂದ ಬಂದ ಇಬ್ಬರು ನಮ್ಮೂರಿನ ಕೆರೆಯಲ್ಲೂ ನಾಲ್ಕೈದು ಬೋರ್‌ವೆಲ್ಲಲ್ಲೂ ನೀರು ತುಂಬಿಕೊಂಡರು, ಬಾಟಲಿ ಮೇಲೆ ನಂಬರ್ ಬರೆದರು, ಮೊಬೈಲಲ್ಲಿ ಜಿಪಿಎಸ್ ಗುರುತು ಹಾಕಿಕೊಂಡರು. ಒಳ್ಳೇ ಹುಡುಗರು. ಬಿಸಿಲಲ್ಲಿ ಓಡಾಡ್ತಿದ್ದಾರಲ್ಲ ಅಂತ ನಮ್ಮ ಚಿಕ್ಕಮ್ಮ ಮಜ್ಜಿಗೆ ಕೊಟ್ಟು ಒಂದೇ ಒಂದು ಪ್ರಶ್ನೆ ಕೇಳಿದರು: 'ಈ ನೀರು ಕಾಯಿಸಿ ಕುಡಿದ್ರೆ ಆಯ್ತಾ ಸ್ವಾಮಿ?' 'ರಿಪೋರ್ಟ್ ಬಂದ ಮೇಲೆ ಹೇಳ್ತೀವಿ ಅಮ್ಮ' ಅಂದರು. ಹೇಳೋಕೆ ಯಾರೂ ಬರಲಿಲ್ಲ. ಚಿಕ್ಕಮ್ಮ ಇವತ್ತಿಗೂ ಕಾಯಿಸ್ತಾರೆ.

ಈ ಪ್ರಶ್ನೆ ಸಣ್ಣದಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ ಹೆಚ್ಚೆಂದರೆ 1.5 ಮಿಲಿಗ್ರಾಂ. ಕಾಯಿಸಿದರೆ ಸೂಕ್ಷ್ಮಜೀವಿ ಸಾಯುತ್ತೆ, ಇವೆರಡೂ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಇವುಗಳ ಪ್ರಮಾಣ ಏರುತ್ತೆ. ಫ್ಲೋರೈಡ್ ಏನು ಮಾಡುತ್ತೆ ಅಂತ ಕೋಲಾರದವರಿಗೆ ಹೇಳಬೇಕಿಲ್ಲ, ಹಲ್ಲು ನೋಡಿದರೆ ಗೊತ್ತಾಗುತ್ತೆ. ನೈಟ್ರೇಟ್ ಜಾಸ್ತಿ ಇರೋ ನೀರಲ್ಲಿ ಕಲಸಿದ ಹಾಲಿನ ಪುಡಿ ಕುಡಿದ ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯೋ ಶಕ್ತಿ ಕುಂದಬಹುದು. ಒಂದು ಮನೆಯವರು ಇದನ್ನ ತಿಳಿಯೋಕೆ ಪೇಪರ್ ಓದಬೇಕಿಲ್ಲ. 'ನಿಮ್ಮ ಬೋರ್‌ವೆಲ್ಲಲ್ಲಿ ಇಷ್ಟಿದೆ, ಇರಬೇಕಾದ್ದು ಇಷ್ಟು, ಕಾಯಿಸಿ ಪ್ರಯೋಜನ ಇಲ್ಲ, ಫಿಲ್ಟರ್ ಘಟಕದ ನೀರು ತನ್ನಿ' ಅಂದರೆ ಸಾಕು.

ಈಗ ನಿಯಮಾವಳಿ ನೋಡಿ. 2019ರ ಡಿಸೆಂಬರಿನಲ್ಲಿ ಯುಜಿಸಿ ಎಲ್ಲ ಪಿಎಚ್‌ಡಿ ವಿದ್ಯಾರ್ಥಿಗಳಿಗೂ 'ಸಂಶೋಧನೆ ಮತ್ತು ಪ್ರಕಟಣೆಯ ನೀತಿ' ಅನ್ನೋ 2 ಕ್ರೆಡಿಟ್‌ನ, 30 ಗಂಟೆಯ ಕೋರ್ಸ್ ಕಡ್ಡಾಯ ಮಾಡಿತು. ಹೆಸರು ಕೇಳಿ ಇಲ್ಲೇ ಇರುತ್ತೆ ಅಂದುಕೊಂಡೆ. 6 ಘಟಕದಲ್ಲಿ ಕೃತಿಚೌರ್ಯ, ಸುಳ್ಳು ದತ್ತಾಂಶ, ಮೋಸದ ಜರ್ನಲ್ಲುಗಳು, ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್ ಇವೆ. ಎಲ್ಲ ಬೇಕಾದ್ದೇ. ಆದರೆ ಇಲ್ಲಿ ನೀತಿ ಅಂದರೆ ಹೆಚ್ಚುಕಡಿಮೆ ಒಬ್ಬ ವಿಜ್ಞಾನಿ ಇನ್ನೊಬ್ಬ ವಿಜ್ಞಾನಿಗೆ ತೋರಿಸಬೇಕಾದ ಮರ್ಯಾದೆ. ಮಜ್ಜಿಗೆ ಕೊಟ್ಟವರ ಲೆಕ್ಕ ಅದರಲ್ಲಿಲ್ಲ.

2022ರ ನವೆಂಬರಿನ ಹೊಸ ನಿಯಮ ಕೊಂಚ ವಾಸಿ. ಪ್ರಬಂಧ ಒಪ್ಪಿಸೋ ಮುಂಚೆ ಪೇಪರ್ ಪ್ರಕಟ ಆಗಿರಲೇಬೇಕು ಅನ್ನೋ ಹಳೇ ಷರತ್ತು ಕೈಬಿಟ್ಟರು. ಜೊತೆಗೆ, ಯಾವ ವಿಷಯದವರೇ ಆಗಲಿ, ಬೋಧನೆಯಲ್ಲೋ ಬರವಣಿಗೆಯಲ್ಲೋ ತರಬೇತಿ ಪಡೀಬೇಕು, ವಾರಕ್ಕೆ 4ರಿಂದ 6 ಗಂಟೆ ಬೋಧನೆಗೋ ಸಂಶೋಧನಾ ಸಹಾಯಕ್ಕೋ ಹಚ್ಚಬಹುದು ಅಂದರು. ಅಂದರೆ ಬಾಗಿಲು ತೆರೆದೇ ಇದೆ. 'ಬರವಣಿಗೆ' ಅಂದರೆ ಇಂಗ್ಲಿಷ್ ಬರವಣಿಗೆ ಮಾತ್ರ ಅಂತ ಓದಿಕೊಳ್ಳೋದು ನಮ್ಮ ಅಭ್ಯಾಸ.

ಬೆಂಗಳೂರಿನಲ್ಲಿ ಈ ವಿದ್ಯಾರ್ಥಿಗಳಿಗೆ ತರಗತಿಯ ಹೊರಗೂ ಕಲಿಯೋ ಜಾಗ ಇಲ್ಲ ಅಂತಲ್ಲ. ಕೇಂಬ್ರಿಜ್‌ನಲ್ಲಿ ಹುಟ್ಟಿದ ವಿದ್ಯಾರ್ಥಿಗಳ ಸಂರಕ್ಷಣಾ ವಿಜ್ಞಾನ ಸಮ್ಮೇಳನ 2010ರಿಂದ ಇಲ್ಲೂ ನಡೀತಿದೆ. ಭಾಷಣದ ಜೊತೆ ಕಾರ್ಯಾಗಾರಗಳೂ ಇರ್ತವೆ. ಅಲ್ಲಿಗೆ ಹೋದವರು ಹುರುಪಿನಿಂದ ಬರ್ತಾರೆ. ಆದರೆ ಅಲ್ಲಿ ಕಲಿತದ್ದಕ್ಕೆ ಅಂಕ ಕೊಡೋರು, ಡಿಗ್ರಿ ತಡೆಹಿಡಿಯೋರು ಯಾರೂ ಇಲ್ಲ. ಡಿಗ್ರಿ ತಡೆಹಿಡಿಯದ ಕೆಲಸವನ್ನ ನಾಲ್ಕನೇ ವರ್ಷದ ವಿದ್ಯಾರ್ಥಿ ಯಾಕೆ ಮಾಡ್ತಾನೆ? ನಮ್ಮ ಆಫೀಸಲ್ಲೂ ಹೀಗೇ. ಕೋಡ್ ಜೊತೆ ಬಳಕೆದಾರರಿಗೆ ನಾಲ್ಕು ಸಾಲು ವಿವರಣೆ ಬರೀರಿ ಅಂತ ವರ್ಷಗಟ್ಟಲೆ ಬೇಡಿಕೊಂಡರೂ ಯಾರೂ ಬರೀಲಿಲ್ಲ. ಅದಿಲ್ಲದೆ ರಿಲೀಸ್ ಆಗಲ್ಲ ಅಂದ ದಿನದಿಂದ ಎಲ್ಲರೂ ಬರೀತಾರೆ.

ಕನ್ನಡ ಬಂದರೆ ಉಪಕಾರ ಊರಿನವರಿಗೆ ಮಾತ್ರ ಅಂತಲೂ ತಿಳೀಬೇಡಿ. ಪೇಟೆಗೂ ದಂಡಿಗೂ ನಡುವೆ ಇದ್ದ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆದ ಕಥೆಯನ್ನ ಹಿತಾ ಉನ್ನಿಕೃಷ್ಣನ್, ಬಿ. ಮಂಜುನಾಥ, ಹರಿಣಿ ನಾಗೇಂದ್ರ 2016ರಲ್ಲಿ ಒಂದು ಅಂತರರಾಷ್ಟ್ರೀಯ ಜರ್ನಲ್ಲಿನಲ್ಲಿ ಬರೆದರು. ಹಳೇ ನಕ್ಷೆ, ಪತ್ರಾಗಾರದ ಕಡತ, ಹಿರಿಯರ ನೆನಪು ಮೂರನ್ನೂ ಸೇರಿಸಿ ಕಟ್ಟಿದ ಅಧ್ಯಯನ. ಕೆರೆ ನಂಬಿಕೊಂಡಿದ್ದ ತೋಟಗಾರರು ಒಂದು ಕಡೆ, ದಂಡಿನ ಅಗತ್ಯ ಇನ್ನೊಂದು ಕಡೆ, ನಡುವೆ ಕೆರೆ ಸಣ್ಣದಾಗ್ತಾ ಬಂದದ್ದು ಅದರಲ್ಲಿ ಕಾಣುತ್ತೆ. ಈಗ ಉಳಿದಿರೋದು ಕರಗಕ್ಕೆ ಬೇಕಾದ ಒಂದು ಪುಟ್ಟ ಕಲ್ಯಾಣಿ. ಇಂಥ ಕೆಲಸಕ್ಕೆ ನೀರಿನ ರಸಾಯನ ಗೊತ್ತಿದ್ದರೆ ಸಾಲದು. ಹಿರಿಯರ ಎದುರು ಕೂತು ಕೇಳೋ ತಾಳ್ಮೆ, ಅವರ ಮಾತಿನ ಹದ ಬೇಕು. ಅದು ಹುಟ್ಟಿನಿಂದ ಬರಲ್ಲ, ಕಲೀಬೇಕು.

ಇದಕ್ಕೆ ಮೂರು ಸಮಜಾಯಿಷಿ ಕೇಳಿದ್ದೀನಿ. ವಿದ್ಯಾರ್ಥಿಗಳು ಬಂಗಾಳದಿಂದ, ಕೇರಳದಿಂದ ಬರ್ತಾರೆ, ಅವರಿಗೆ ಕನ್ನಡ ಎಲ್ಲಿಂದ ಬರಬೇಕು ಅನ್ನೋದು ಒಂದು. ಎರಡು ವರ್ಷದಲ್ಲಿ ಕಷ್ಟದ ಪ್ರೋಗ್ರಾಮಿಂಗ್ ಭಾಷೆ ಕಲಿಯೋರು ಆರು ತಿಂಗಳಲ್ಲಿ ಮಾತಾಡುವಷ್ಟು ಕನ್ನಡ ಕಲಿಯಬಲ್ಲರು, ಕಲಿಸೋರು ಇರಬೇಕಷ್ಟೆ. ಸಮಯ, ದುಡ್ಡು ಎರಡೂ ಇಲ್ಲ ಅನ್ನೋದು ಇನ್ನೊಂದು. ಇದನ್ನ ಒಪ್ಪಲೇಬೇಕು. ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000 ರೂಪಾಯಿ ಅಂತ ಕಾಗದದಲ್ಲಿದೆ, ಕೈಗೆ ಬರೋದು ತಡವಾಯ್ತು ಅನ್ನೋ ಗೋಳು ತಪ್ಪಿಲ್ಲ. ಹೊಸ ಹೊರೆ ಹೊರಿಸೋ ಬದಲು ಅದೇ 4-6 ಗಂಟೆಯಲ್ಲಿ ಇದನ್ನ ಎಣಿಸಿ, ಹಳ್ಳಿಗೆ ಮತ್ತೆ ಹೋಗೋ ಬಸ್ಸಿನ ಖರ್ಚನ್ನ ಯೋಜನೆಯ ಬಜೆಟ್‌ನಲ್ಲೇ ಬರೀರಿ.

ಮೂರನೇದು ಗಟ್ಟಿ ಮಾತು. ವಿಮರ್ಶೆ ಆಗದ ಫಲಿತಾಂಶ ಜನರಿಗೆ ಹೇಳಿದರೆ ಗಾಬರಿ ಆಗುತ್ತೆ, ನಾಳೆ ಕೋರ್ಟಿನಲ್ಲಿ ಎರಡೂ ಕಡೆಯವರು ಎಳೆದಾಡ್ತಾರೆ ಅನ್ನೋದು. ಕೆಸಿ ವ್ಯಾಲಿ ವಿಷಯದಲ್ಲಿ ಈ ಭಯ ನಿಜ. ಅದಕ್ಕೇ ತರಬೇತಿ ಬೇಕು ಅನ್ನೋದು. 'ಒಂದೇ ದಿನದ ಮಾದರಿ, ಮಳೆಗಾಲದ್ದಲ್ಲ, ಇದರಿಂದ ಇಷ್ಟು ಹೇಳಬಹುದು, ಇಷ್ಟು ಹೇಳೋಕಾಗಲ್ಲ' ಅಂತ ಕನ್ನಡದಲ್ಲಿ ಹೇಳೋಕೆ ಬರಬೇಕು. 2016ರ ಮಾರ್ಚಿನಲ್ಲಿ ನಮ್ಮ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವಲ್ಲ, ಅಂಥದ್ದನ್ನೂ ಸರಳವಾಗಿ ಹೇಳಬಹುದು: ಕೊಳಚೆ ಸೇರಿದರೆ ಪಾಚಿ ಹೆಚ್ಚುತ್ತೆ, ಪಾಚಿಯೂ ಕೊಳಚೆ ಕೊಳೆಸೋ ಬ್ಯಾಕ್ಟೀರಿಯಾವೂ ನೀರಿನ ಆಮ್ಲಜನಕ ಎಳೆದುಕೊಳ್ತವೆ, ರಾತ್ರಿ ಬಿಸಿಲಿಲ್ಲದೆ ಹೊಸದು ಹುಟ್ಟಲ್ಲ, ಬೆಳಗಿನ ಜಾವಕ್ಕೆ ಮೀನಿಗೆ ಉಸಿರಿಲ್ಲ. ಹೇಳೋರು ಇಲ್ಲದಿದ್ದರೆ 'ಯಾರೋ ವಿಷ ಹಾಕಿದ್ರು' ಅನ್ನೋ ಸುದ್ದಿ ವಾಟ್ಸಾಪಿನಲ್ಲಿ ಓಡುತ್ತೆ.

ಇನ್ನೂ ಒಂದಿದೆ. ಇವರೆಲ್ಲ ಪ್ರೊಫೆಸರ್ ಆಗಲ್ಲ, ಅಷ್ಟು ಹುದ್ದೆ ಎಲ್ಲಿದೆ? ಮಾಲಿನ್ಯ ನಿಯಂತ್ರಣ ಮಂಡಳಿಗೋ, ಸಲಹಾ ಕಂಪನಿಗೋ, ಸಂಸ್ಥೆಗಳಿಗೋ ಹೋಗ್ತಾರೆ. ಅಲ್ಲಿ ಸಾರ್ವಜನಿಕ ಅಹವಾಲು ಸಭೆಯಲ್ಲಿ ನಿಲ್ಲಬೇಕು, ಗ್ರಾಮ ನಕ್ಷೆ ಓದಬೇಕು, ಹಸಿರು ನ್ಯಾಯಮಂಡಳಿಗೆ ಉತ್ತರ ಬರೀಬೇಕು. ಐದು ವರ್ಷ ಓದಿ ಇದನ್ನೆಲ್ಲ ಕೆಲಸಕ್ಕೆ ಸೇರಿದ ಮೇಲೆ ಎಡವಿ ಎಡವಿ ಕಲೀಬೇಕು ಅಂದರೆ ವೃತ್ತಿ ತರಬೇತಿ ಅಂತ ಅದನ್ನ ಯಾಕೆ ಕರೀಬೇಕು?

ನೆದರ್‌ಲ್ಯಾಂಡ್ಸ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದ ಪ್ರಬಂಧದ ಕೊನೆಗೆ ಡಚ್ ಭಾಷೆಯಲ್ಲಿ ಸಾರಾಂಶ ಸೇರಿಸೋದು ರೂಢಿ. ಸ್ವೀಡನ್ನಿನ ವಿಶ್ವವಿದ್ಯಾಲಯಗಳಲ್ಲಿ ಮೌಖಿಕ ಪರೀಕ್ಷೆಗೆ ಕೆಲವು ವಾರ ಮುಂಚೆ ಪ್ರಬಂಧಕ್ಕೆ ಮೊಳೆ ಹೊಡೆದು ಹಲಗೆಗೆ ನೇತುಹಾಕ್ತಾರೆ. ಯಾರು ಬೇಕಾದರೂ ನೋಡಲಿ, ತಕರಾರಿದ್ದರೆ ಬಂದು ಕೇಳಲಿ ಅಂತ. ನಮ್ಮೂರಿನ ಪಂಚಾಯಿತಿ ಕಚೇರಿ ಗೋಡೆಗೂ ಒಂದು ಹಲಗೆ ಇದೆ. ಕಂದಾಯ ಬಾಕಿದಾರರ ಪಟ್ಟಿ, ಗ್ರಾಮಸಭೆಯ ದಿನಾಂಕ ಅಂಟಿಸಿರ್ತಾರೆ. ಪಕ್ಕದಲ್ಲಿ ಒಂದು ಎ4 ಹಾಳೆಗೆ ಜಾಗ ಇದೆ.