‘ಪೀರ್’ ಶಬ್ದವಿಚಾರ

ಪಾರಸೀಕ ಭಾಷೆಯ ಸೂಫಿ ಕಾವ್ಯಗಳನ್ನು ಕನ್ನಡಕ್ಕೆ ತರುವಾಗ ‘ಪೀರ್’, ‘ಶೇಖ್’, ‘ಮುರ್ಷಿದ್’ ಎಂಬ ಮೂರು ಶಬ್ದಗಳಿಗೂ ‘ಗುರು’ ಎಂಬುದೊಂದನ್ನೇ ಇಟ್ಟು ಮುಂದೆ ಸಾಗುವುದು ಸುಲಭ. ಆದರೆ ಸುಲಭವಾದುದೆಲ್ಲವೂ ಸಾಧುವಲ್ಲ.

‘ಪೀರ್’ ಪಾರಸೀಕ ಶಬ್ದ, ‘ಶೇಖ್’ ಅರಬ್ಬೀ ಶಬ್ದ. ಎರಡಕ್ಕೂ ವಾಚ್ಯಾರ್ಥವು ‘ವೃದ್ಧ’ ಎಂದೇ. ‘ಮುರ್ಷಿದ್’ ಎಂದರೆ ಸರಿದಾರಿಯನ್ನು ತೋರುವವನು. ಅವನ ಶಿಷ್ಯನಿಗೆ ‘ಮುರೀದ್’, ಎಂದರೆ ‘ಇಚ್ಛಿಸುವವನು’, ಎಂದು ಹೆಸರು. ಸಂಸ್ಕೃತದ ‘ಗುರು’ ಶಬ್ದದಲ್ಲಿರುವುದು ಭಾರದ ಭಾವವೇ ಹೊರತು ವಯಸ್ಸಿನದಲ್ಲ. ‘ಪೀರ್’ ಎಂಬುದಕ್ಕೆ ಹತ್ತಿರವಾದುದು ಬೌದ್ಧರ ‘ಸ್ಥವಿರ’. ತಲೆ ನರೆತ ಮಾತ್ರಕ್ಕೆ ಯಾವನೂ ವೃದ್ಧನಾಗನೆಂಬುದು ಮನುಸ್ಮೃತಿಯ ಅಭಿಪ್ರಾಯ. ಸೂಫಿಗಳಲ್ಲಿಯೂ ಹಾಗೆಯೇ: ವಯೋವಾಚಕವಾದ ಶಬ್ದವು ಲಕ್ಷಣೆಯಿಂದ ಜ್ಞಾನವೃದ್ಧನನ್ನು ಹೇಳಿ, ಕಡೆಗೆ ಪದವಿಯ ಹೆಸರಾಗಿ ನಿಂತಿತು.

ಕಾವ್ಯದಲ್ಲಿ ಈ ಶಬ್ದಗಳ ಧ್ವನಿಯು ಇನ್ನೂ ದೂರ ಹೋಗುವುದು. 14ನೆಯ ಶತಮಾನದ ಶೀರಾಜಿನ ಕವಿ ಹಾಫಿಜನ ಗಜಲುಗಳಲ್ಲಿ ‘ಶೇಖ್’ ಎಂಬವನು ಬಹುಮಟ್ಟಿಗೆ ಡಂಭಾಚಾರದ ಪ್ರತಿಮೆ. ‘ಪೀರೇ ಮುಗಾನ್’ ಎಂಬವನಾದರೋ ಅಗ್ನಿಪೂಜಕರ ಹಿರಿಯ, ಮದ್ಯಶಾಲೆಯ ಒಡೆಯ. ಆದರೂ ಕವಿಯ ನಿಜವಾದ ಮಾರ್ಗದರ್ಶಿ ಅವನೇ. ಕೋಶದಲ್ಲಿ ಸಮಾನಾರ್ಥಕವಾದ ಶಬ್ದಗಳು ಇಲ್ಲಿ ಪರಸ್ಪರ ವಿರೋಧಿಗಳಾಗಿವೆ. ಇಬ್ಬರನ್ನೂ ‘ಗುರು’ ಎಂದು ಕರೆದರೆ ಆ ವ್ಯಂಗ್ಯವೇ ಅಳಿದುಹೋಗುವುದು.

ಹಾಫಿಜನಿಗಿಂತ ಹಿಂದಿನವನಾದ ಅತ್ತಾರನ ‘ಮಂತಿಕುತ್ತೈರ್’ ಕಾವ್ಯದಲ್ಲಿ ಬರುವ ಶೇಖ್ ಸನ್‌ಆನನ ಕಥೆ ಈ ವಿಚಾರಕ್ಕೆ ಒರೆಗಲ್ಲಿನಂತಿದೆ. ಆತನು ತನ್ನ ಕಾಲದ ಪೀರನೆನಿಸಿದವನು. ಸುಮಾರು 50 ವರ್ಷ ಮೆಕ್ಕೆಯಲ್ಲಿದ್ದವನು. 400 ಮುರೀದರನ್ನು ಪಡೆದವನು. ಇಂತಹವನು ರೂಮ್ ದೇಶದ ಕ್ರೈಸ್ತಕನ್ಯೆಯನ್ನು ಮೋಹಿಸಿ, ಮದ್ಯವನ್ನು ಕುಡಿದು, ಮತವನ್ನು ತೊರೆದು, ಹಂದಿಗಳನ್ನು ಕಾಯುವನು. ಶಿಷ್ಯರು ನಿರಾಶರಾಗಿ ಹಿಂದಿರುಗುವರು. ಆಗ, ಮೊದಲು ಅವರೊಡನೆ ಇಲ್ಲದಿದ್ದ ಮುರೀದನೊಬ್ಬನು, ಬಿದ್ದವನನ್ನು ಬಿಟ್ಟುಬಂದಿರೇಕೆಂದು ಅವರನ್ನು ಜರೆಯುವನು. 40 ದಿನಗಳ ಪ್ರಾರ್ಥನೆಯಿಂದ ಶೇಖನು ಉದ್ಧಾರವಾಗುವನು. ವಯಸ್ಸು ಪೀರನನ್ನು ಕಾಯಲಿಲ್ಲ; ಶಿಷ್ಯನ ನಿಷ್ಠೆ ಕಾಯಿತು. ಆದುದರಿಂದ ‘ಪೀರ್’ ಎಂಬುದು ಒಬ್ಬನ ಯೋಗ್ಯತೆಯ ಮುದ್ರೆಯಲ್ಲ, ಇಬ್ಬರ ಸಂಬಂಧದ ಹೆಸರು. ಮುರೀದನಿಲ್ಲದೆ ಪೀರನಿಲ್ಲ.

ಪರಭಾಷೆಯ ಶಬ್ದವನ್ನು ಹಾಗೆಯೇ ಉಳಿಸಿದರೆ ಓದುಗರಿಗೆ ಕ್ಲೇಶವಾಗದೆ ಎಂಬ ಆಕ್ಷೇಪಕ್ಕೆ ಕನ್ನಡನಾಡಿನ ಹಳ್ಳಿಗಳೇ ಉತ್ತರ ಕೊಡುವುವು. ಮೊಹರಮಿನಲ್ಲಿ ಕೂರಿಸುವ ಪಂಜಾಗಳನ್ನು ಉತ್ತರ ಕರ್ನಾಟಕದ ಜನರು, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ, ‘ಪೀರಲ ದೇವರು’ ಎಂದು ಭಕ್ತಿಯಿಂದ ಕರೆಯುವರು. ಅಲ್ಲಿ ಅರ್ಥವು ವ್ಯಕ್ತಿಯಿಂದ ಚಿಹ್ನೆಗೆ ಸರಿದಿದೆ, ನಿಜ. ಆದರೆ ಶಬ್ದವು ಮನೆಯದಾಗಿದೆ. ಪಂಡಿತರು ಹೊರಗಿನದೆಂದು ಅಂಜುವ ಮಾತನ್ನು ಒಕ್ಕಲುಮಕ್ಕಳು ಆಗಲೇ ಒಳಗೆ ಕರೆದುಕೊಂಡಿರುವರು. ಅನುವಾದಕರು ಅದಕ್ಕೆ ಮಣೆ ಹಾಕಿದರೆ ಸಾಕು.