ತಿಳಿದ ಕಥೆಯ ಕುತೂಹಲ

ಕಾಗಿಣಾ ನದಿಯ ದಂಡೆಯ ಮಳಖೇಡವು, ಸುಮಾರು ಕ್ರಿ.ಶ. 850ರ ವೇಳೆಗೆ ರಸಾಲಂಕಾರಗಳನ್ನು ಕನ್ನಡದಲ್ಲಿಯೇ ವಿವೇಚಿಸಿದ ‘ಕವಿರಾಜಮಾರ್ಗ’ಕ್ಕೆ ಆಶ್ರಯವಿತ್ತ ರಾಷ್ಟ್ರಕೂಟರ ಮಾನ್ಯಖೇಟ. ಶಾಸ್ತ್ರವು ವಿವರಿಸಿದ ಆ ರಸವು ಕಾವ್ಯದಲ್ಲಿ ಮೈದಾಳುವ ಬಗೆಯನ್ನರಿಯಬೇಕಾದರೆ, 973ರಲ್ಲಿ ರಾಜ್ಯವು ಚಾಲುಕ್ಯರ ಕೈಸೇರಿದ ತರುವಾಯ ಅವರ ಆಸ್ಥಾನದಲ್ಲಿ ಬೆಳಗಿದ ರನ್ನನ ‘ಗದಾಯುದ್ಧ’ವನ್ನು ಓದಬೇಕು.

ಭೀಮನು ಗೆಲ್ಲುವನೆಂಬುದನ್ನು ಅರಿಯದ ಕನ್ನಡಿಗನುಂಟೆ? ಆದರೂ ಓದುವವನ ಕಾತರ ತಗ್ಗದು. ಯುದ್ಧವನ್ನು ಮುಂದೂಡುವುದೇ ಕವಿಯ ಕೌಶಲ: ಸಂಜಯನೊಡನೆ ರಣಭೂಮಿಯ ಹೆಣಗಳ ನಡುವೆ ಹೆಜ್ಜೆಯಿಡುವ ಕೌರವೇಶ್ವರನು ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ಮರುಗುವಾಗ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯುವಾಗ, ನಮ್ಮ ಅನುಕಂಪವು ನಮಗರಿವಿಲ್ಲದೆಯೇ ಅವನತ್ತ ವಾಲುತ್ತದೆ, ಸೋಲಬೇಕಾದವನು ಪ್ರಿಯನಾದಷ್ಟೂ ಆ ಸೋಲಿನ ನಿರೀಕ್ಷೆ ದುಸ್ಸಹವಾಗುತ್ತದೆ.

ಬಳಿಕ ವೈಶಂಪಾಯನ ಸರೋವರ. ನೀರೊಳಗೆ ಅಡಗಿದವನು ಕಾಣಿಸನು. ದಡದ ಮೇಲಿನ ಭೀಮಗರ್ಜನೆ ಮಾತ್ರ ಕೇಳಿಸುವುದು. ಆ ದನಿಗೆ, ತಣ್ಣೀರಿನ ನಡುವೆಯೂ ಕೌರವನ ಮೈ ಬೆವರಿತೆಂಬ ಒಂದೇ ಕಲ್ಪನೆಯಿಂದ ಕವಿಯು ಭಯ, ಅಭಿಮಾನ, ರೋಷಗಳ ಸಮಸ್ತ ತುಮುಲವನ್ನು ಧ್ವನಿಸುತ್ತಾನೆ. ಮಾತಿನ ಬಿರುಸಿನಲ್ಲಿಯೂ ಸನ್ನಿವೇಶದ ಬಿಗುವಿನಲ್ಲಿಯೂ ಇಂತಹ ನಾಟಕೀಯತೆಯು ಅಡಗಿದ್ದುದರಿಂದಲೇ ಬಿ.ಎಂ.ಶ್ರೀ.ಯವರು ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ಅಳವಡಿಸಿದರು. ವಿಳಂಬವನ್ನು ಇಷ್ಟು ಧೈರ್ಯದಿಂದ ದುಡಿಸಿಕೊಂಡ ಕವಿಗಳು ವಿರಳ. ಕುತೂಹಲವನ್ನು ಅನಿರೀಕ್ಷಿತ ತಿರುವಿನಲ್ಲಷ್ಟೇ ಅರಸುವ ಲೇಖಕರು ರನ್ನನಲ್ಲಿ ಕಲಿಯಬೇಕಾದುದು ಬಹಳವಿದೆ.